ಅಲಾನ್ಯಾದ ಗೋಡೆಯ ಮೇಲೆ

ಸಂಜೆ ನಾಲ್ಕು ಗಂಟೆ ಇಪ್ಪತ್ತೆರಡು ನಿಮಿಷ. ಆಗ ನಾನು ತೆಗೆದ ಫೋಟೋದ ಕೆಳಗೆ ಮೊಬೈಲು ಹಾಗೆ ತೋರಿಸುತ್ತದೆ. ಫೋಟೋದಲ್ಲಿ ಹಳೆಯ ಕೋಟೆಗೋಡೆ ಇದೆ. ಎಡಗಡೆ ಗೋಡೆಯ ಮೇಲಂಚಿನ ಕಲ್ಲಿನ ತೆನೆಗಳ ನಡುವೆ ನೀಲಿ ಸಮುದ್ರ ಚೂರುಚೂರಾಗಿ ಕಾಣುತ್ತದೆ. ಬಲಗಡೆಯ ಅಂಚಿನಲ್ಲಿ ಹಸಿರು ಇಳಕಲ್ ಸೀರೆಯ ಸೆರಗಿನ ತುದಿಯೊಂದು ಗಾಳಿಯಲ್ಲಿ ಎದ್ದು ನಿಂತಿದೆ. ವೈನಿಯದೆಂದು ಆ ಫೋಟೋದಲ್ಲಿ ಉಳಿದದ್ದು ಅಷ್ಟೇ.

ವೈನಿ ಅಂದರೆ ನನ್ನ ಅಣ್ಣನ ಹೆಂಡತಿ. ಅಣ್ಣ ತೀರಿಕೊಂಡ ಮೇಲೆ ಕುಬಿಹಾಳದ ಮನೆಯಲ್ಲಿ ನಾವಿಬ್ಬರೇ ಇದ್ದೇವೆ. ನಾನು ಮದುವೆಯಾಗಲಿಲ್ಲ, ಅವರಿಗೆ ಮಕ್ಕಳಾಗಲಿಲ್ಲ. ನಾನು ದಿನಾ ಬಸ್ಸಿನಲ್ಲಿ ಕುಂದಗೋಳಕ್ಕೆ ಹೋಗಿ ಕಾಲೇಜಿನಲ್ಲಿ ಭೂಗೋಳ ಕಲಿಸಿ ಬರುತ್ತೇನೆ. ವೈನಿ ಮನೆ ನೋಡುತ್ತಾರೆ, ಹೊಲ ನೋಡುತ್ತಾರೆ, ನನ್ನನ್ನೂ ನೋಡಿಕೊಳ್ಳುತ್ತಾರೆ.

ಪ್ರತಿ ವರ್ಷ ಒಂದೇ ಪಾಠ: ಮೆಡಿಟರೇನಿಯನ್ ವಾಯುಗುಣ. ಬೇಸಿಗೆ ಒಣ, ಚಳಿಗಾಲದಲ್ಲಿ ಮಳೆ, ಆಲಿವ್, ದ್ರಾಕ್ಷಿ, ಕಿತ್ತಳೆ. ಮಕ್ಕಳು ಬಾಯಿಪಾಠ ಮಾಡುತ್ತಿದ್ದರು, ನಾನೂ ಬಾಯಿಪಾಠವನ್ನೇ ಹೇಳುತ್ತಿದ್ದೆ. ನಕಾಶೆಯ ಮೇಲೆ ಬೆರಳಾಡಿಸಿದ ಆ ಸಮುದ್ರವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಯಾವಾಗಲೋ ಅಂದಿದ್ದೆ. ದಸರೆಯ ರಜೆಯಲ್ಲಿ ಹುಬ್ಬಳ್ಳಿಯಿಂದ ತುರ್ಕಿಗೆ ಒಂದು ಗುಂಪು ಹೊರಟಿದೆ ಎಂದು ಗೊತ್ತಾದಾಗ ವೈನಿಯೇ ಮುಂದಾದರು. “ಒಬ್ಬಾಕಿನ ಹೆಂಗ ಹೋಗ್ತೀ? ನಾನೂ ಬರ್ತೇನಿ. ರೊಟ್ಟಿ ಕಟಗೊಂಡ್ರ ಆತು.”

ಅಲಾನ್ಯಾ ಎಂಬ ಊರು ಒಂದು ಗುಡ್ಡವನ್ನು ಬೆನ್ನಿಗೆ ಹೊತ್ತು ಸಮುದ್ರದೊಳಕ್ಕೆ ಚಾಚಿಕೊಂಡಿದೆ. ಗುಡ್ಡದ ಮೈತುಂಬ ಕೋಟೆಗೋಡೆ ಏರಿ ಇಳಿದು ಸುತ್ತುತ್ತದೆ. ಬಂದರಿನ ಬಳಿ ಎಂಟು ಮೂಲೆಯ ದೊಡ್ಡದೊಂದು ಬುರುಜು ಇದೆ. ಮೇಲ್ಭಾಗವನ್ನು ಕೆಂಪು ಇಟ್ಟಂಗಿಯಲ್ಲಿ ಕಟ್ಟಿದ್ದಾರೆ, ಅದಕ್ಕೇ ಕೆಂಪು ಬುರುಜು ಅನ್ನುತ್ತಾರೆ. ಅಲ್ಲಿಂದ ಗೋಡೆಯ ಮೇಲೆಯೇ ನಡೆದು ಹೋದರೆ ಹಿಂದಿನ ಕಾಲದಲ್ಲಿ ಹಡಗು ಕಟ್ಟುತ್ತಿದ್ದ ಜಾಗ ಸಿಗುತ್ತದೆ. ಸಾಲಾಗಿ ಐದು ಕಮಾನುಗಳು, ಒಳಗೆ ಕತ್ತಲೆ, ಕತ್ತಲೆಯೊಳಕ್ಕೆ ಸಮುದ್ರ ನುಗ್ಗಿ ನುಗ್ಗಿ ಹಿಂದೆ ಸರಿಯುತ್ತದೆ.

ವೈನಿ ಸಮುದ್ರ ನೋಡಿದ್ದು ಅದೇ ಮೊದಲು. ಬಸ್ಸಿನಿಂದ ಇಳಿದು ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತರು. ಆಮೇಲೆ ಹೇಳಿದರು, “ಭಾಳ ಏನಿಲ್ಲ ಬಿಡು. ನವಲಗುಂದದ ಎರಿ ಹೊಲಕ್ಕ ನೀಲಿ ಬಳದಂಗ ಐತಿ. ಆದ್ರ ಹೊಲ ಸುಮ್ಮನ ಬಿದ್ದಿರ್ತೈತಿ. ಇದು ಮೈಮ್ಯಾಲೆ ಬಂದಂಗ ಬರ್ತೈತಿ.”

ಅವರನ್ನು ಖುಷಿಪಡಿಸಿದ್ದು ಅಲ್ಲಿಯ ಮಾತು. ವೈನಿಯ ತವರು ಯಮನೂರು. ದರ್ಗಾದ ಓಣಿಯ ಪಕ್ಕದಲ್ಲೇ ಬೆಳೆದವರು, ಉರ್ದು ಮಾತಾಡುವ ಮನೆಗಳ ಅಂಗಳದಲ್ಲಿ ಆಡಿದವರು. ತುರ್ಕಿಯಲ್ಲಿ ಮೊದಲನೇ ದಿನವೇ ಅಂಗಡಿಗೆ ದುಕಾನ ಅನ್ನುವುದು ಅವರ ಕಿವಿಗೆ ಬಿತ್ತು. ಆಮೇಲೆ ಸಾಬೂನು, ಹವಾ, ಮೈದಾನ, ಹಾಜರು ಎಲ್ಲವೂ ಒಂದೊಂದಾಗಿ ಸಿಗತೊಡಗಿದವು. ಚಹಾದ ಅಂಗಡಿಯಲ್ಲಿ ನನ್ನ ಇಂಗ್ಲಿಷ್ ಯಾರಿಗೂ ತಿಳಿಯದೆ ನಾನು ಒದ್ದಾಡುತ್ತಿದ್ದಾಗ ವೈನಿ ನಡುವೆ ಬಂದು, “ಚಾ. ಸಕ್ರಿ” ಎಂದು ಬೆರಳಿನಲ್ಲಿ ಕಡಿಮೆ ಎಂದು ತೋರಿಸಿದರು. ಅಂಗಡಿಯವನು ತಲೆಯಾಡಿಸಿ, ಅಲ್ಲಿ ಹಿರಿಯ ಹೆಂಗಸರನ್ನು ಕರೆಯುವಂತೆ ‘ತೆಯ್ಜೆ’ ಎನ್ನುತ್ತ, ಅವರು ಕೇಳಿದಂತೆಯೇ ತಂದಿಟ್ಟ.

“ಎಂ.ಎ. ಮಾಡಿ ಏನ್ ಕಡದು ಗುಡ್ಡಿ ಹಾಕಿದಿ?” ಎಂದು ನನ್ನನ್ನು ಚುಚ್ಚಿದರು. “ನಾ ಏಳನೇತ್ತಾ. ನೋಡು, ತುರ್ಕಿ ಮಾತಾಡಾಕತ್ತೇನಿ.”

“ಎರಡು ಶಬ್ದಕ್ಕ ಇಷ್ಟು ಜಂಬ ಬ್ಯಾಡ್ರಿ ವೈನಿ.”

“ಎರಡಲ್ಲವಾ, ನಿನ್ನಿಂದ ಎಣಸ್ಕೋತ ಬಂದೇನಿ. ಇವ್ರೆಲ್ಲಾ ನಮ್ಮ ಯಮನೂರಿನಿಂದನ ಬಂದಾರೇನೋ ಯಾರಿಗ್ಗೊತ್ತು.”

ಆ ಸಂಜೆ ಗುಂಪಿನವರೆಲ್ಲ ದೋಣಿಯಲ್ಲಿ ಗುಡ್ಡವನ್ನು ಸುತ್ತಿ ಬರಲು ಹೋದರು. ವೈನಿ ಒಪ್ಪಲಿಲ್ಲ. “ನೀರಿನ ಮ್ಯಾಲೆ ನಾ ಬರಂಗಿಲ್ಲ. ನೆಲ ಅಂದ್ರ ನೆಲ. ನಡಕೋತ ಹೋಗೂಣು ನಡಿ.” ಹೀಗೆ ನಾವಿಬ್ಬರೇ ಕೆಂಪು ಬುರುಜಿನ ಹಿಂದಿನಿಂದ ಗೋಡೆ ಹತ್ತಿದೆವು.

ಗೋಡೆಯ ಮೇಲೆ ಇಬ್ಬರು ಜೋಡಿಯಾಗಿ ನಡೆಯುವಷ್ಟು ದಾರಿಯಿತ್ತು. ಸಮುದ್ರದ ಕಡೆಗೆ ಎದೆಯೆತ್ತರದ ತೆನೆಗಳು. ಊರಿನ ಕಡೆಗೆ, ನಾವು ನಿಂತಲ್ಲಿ, ಏನೂ ಇರಲಿಲ್ಲ. ಕಲ್ಲು ಅಲ್ಲಿಗೆ ಮುಗಿಯುತ್ತಿತ್ತು. ಕೆಳಗೆ ಬಂಡೆ, ಕುರುಚಲು ಗಿಡ. ನಾನು ಸಮುದ್ರ ಹಿಂದೆ ಬರುವಂತೆ ಫೋಟೋ ತೆಗೆಯುತ್ತೇನೆ, ತೆನೆಗೆ ಆತು ನಿಲ್ಲಿ ಎಂದೆ. ವೈನಿ ಅದರ ಹತ್ತಿರ ಸುಳಿಯಲಿಲ್ಲ. ದಾರಿಯ ನಡುವೆ ಸಮುದ್ರಕ್ಕೆ ಮುಖಮಾಡಿ ನಿಂತು, ಕತ್ತು ಮಾತ್ರ ನನ್ನ ಕಡೆ ತಿರುಗಿಸಿದರು. ನಮ್ಮ ಕಡೆಯವರಿಗೆ ನೀರಿನ ಭಯವಿದೆ, ನೆಲದ ಭಯವಿಲ್ಲ. ಕಣ್ಣು ಹಾಯುವವರೆಗೂ ಸಮತಟ್ಟಾದ ಕಪ್ಪು ಮಣ್ಣಿನಲ್ಲಿ ನಡೆದವರು ಬೆನ್ನ ಹಿಂದೆ ನೆಲ ಇದ್ದೇ ಇದೆ ಎಂದುಕೊಳ್ಳುತ್ತೇವೆ.

ನಮ್ಮಿಂದ ತುಸು ಮುಂದೆ ಒಬ್ಬ ಮನುಷ್ಯ ತೆನೆಗಳ ನಡುವಿನಿಂದ ಗಾಳ ಇಳಿಬಿಟ್ಟುಕೊಂಡು ಕೂತಿದ್ದ. ಬೆಳ್ಳಗಿನ ಮೀಸೆ, ಉಣ್ಣೆಯ ಟೊಪ್ಪಿಗೆ. ನಮ್ಮ ಕಡೆ ತಿರುಗಿದವನು ಥಟ್ಟನೆ ಎದ್ದು ಕೂಗಿದ.

“ದುರ್! ತೆಯ್ಜೆ, ದುರ್!”

ವೈನಿಯ ಮುಖ ಅರಳಿತು. “ಕೇಳಿದೇನು? ದೂರ ಅಂತಾನ! ಸಮುದ್ರದಿಂದ ದೂರ ನಿಂದರ್ರಿ ಅಂತ ಹೇಳಾಕತ್ತಾನ.” ಅವನ ಕಡೆ ಕೈಯೆತ್ತಿ, “ಆತಪಾ, ಸರಿತೇನಿ” ಎಂದು ಒಂದು ಹೆಜ್ಜೆ ಹಿಂದೆ ಇಟ್ಟರು.

ನನಗೂ ದೂರ ಎಂದೇ ಕೇಳಿಸಿತ್ತು. ನಾನು ಮೊಬೈಲಿನ ಪರದೆಯಲ್ಲಿ ನೋಡುತ್ತಿದ್ದೆ. ಪರದೆಯಲ್ಲಿ ಆಳ ಕಾಣುವುದಿಲ್ಲ.

ಆ ಮನುಷ್ಯ ಗಾಳ ಎಸೆದು ಓಡಿ ಬರತೊಡಗಿದ. ಓಡುತ್ತಲೇ ಗಂಟಲು ಹರಿಯುವಂತೆ ಕೂಗುತ್ತಿದ್ದ, “ದುರ್! ದುರ್!” ಅವನು ಜೋರು ಮಾಡಿದಷ್ಟೂ ವೈನಿ ನಗುತ್ತ ಹಿಂದೆ ಸರಿದರು. “ಏ, ಸರಿಯಾಕತ್ತೇನಲ್ಲೋ ಮಾರಾಯಾ…” ಅವರ ಎರಡೂ ಕೈಗಳು ಮೇಲಕ್ಕೆದ್ದವು. ನನ್ನ ಹೆಬ್ಬೆರಳು ಒತ್ತಿತು.

ನೆನಪು ಅಲ್ಲಿಗೆ ನಿಲ್ಲುತ್ತದೆ. ಎಷ್ಟು ಸಲ ನೆನೆದರೂ ಅದರ ಮುಂದಿನದು ಬರುತ್ತಿರಲಿಲ್ಲ. ಕೈಗಳು ಮೇಲೇಳುತ್ತವೆ, ಸೆರಗು ನಿಲ್ಲುತ್ತದೆ, ಮತ್ತೆ ಮೊದಲಿನಿಂದ ಆ ಕೂಗು.

ಆಸ್ಪತ್ರೆ ಬಂದರಿಗೆ ದೂರವಿರಲಿಲ್ಲ. ತೊಡೆಯ ಎಲುಬು ಮುರಿದಿತ್ತು, ತಲೆಗೆ ಪೆಟ್ಟಾಗಿತ್ತು. ವೈನಿ ಕಣ್ಣು ತೆರೆದಿರಲಿಲ್ಲ. ವೈದ್ಯರು ತಮ್ಮ ಮೊಬೈಲಿಗೆ ತುರ್ಕಿಯಲ್ಲಿ ಏನೋ ಹೇಳಿ ನನ್ನ ಮುಂದೆ ಹಿಡಿದರು. ಅದರೊಳಗಿನ ಹೆಣ್ಣು ದನಿ ಕನ್ನಡದಲ್ಲಿ ಹೇಳಿತು: “ಶಸ್ತ್ರಚಿಕಿತ್ಸೆ ಒಳ್ಳೆಯದು. ನಾವು ತಲೆಗಾಗಿ ಕಾಯೋಣ.” ನಗು ಬರಬೇಕಿದ್ದ ಮಾತು. ಆ ರಾತ್ರಿಯೆಲ್ಲ ನಾನು ತಲೆಗಾಗಿ ಕಾದೆ.

ಮಾರನೆಯ ದಿನ ಮಧ್ಯಾಹ್ನ ವೈನಿ ಕಣ್ಣು ಬಿಟ್ಟರು. ಸೂರು ನೋಡಿದರು, ನನ್ನ ನೋಡಿದರು. “ಚಾ ಕುಡದ್ವೇನು?” ಎಂದರು. ಬುರುಜಿನ ಬುಡದಲ್ಲಿ ಚಹಾ ಕೊಡಿ ಎಂದು ಕೂತದ್ದರ ಮುಂದೆ ಅವರಿಗೆ ಏನೂ ನೆನಪಿರಲಿಲ್ಲ. ಇವತ್ತಿಗೂ ಇಲ್ಲ.

ಗುಂಪು ಮುಂದಿನ ಊರಿಗೆ ಹೋಗಬೇಕಿತ್ತು, ಹೋಯಿತು. ನಮ್ಮನ್ನು ಕರೆತಂದಿದ್ದ ಹುಬ್ಬಳ್ಳಿಯವರು ವೈನಿ ಕಣ್ಣು ಬಿಡುವವರೆಗೂ ಇದ್ದು, ಆಮೇಲೆ ದಿನಾ ಫೋನು ಮಾಡುತ್ತಿದ್ದರು. ಔಷಧದ ಮಂಪರಿನಲ್ಲಿ ವೈನಿ ಹೆಚ್ಚು ಹೊತ್ತು ಮಲಗಿರುತ್ತಿದ್ದರು. ಆ ಊರಿನಲ್ಲಿ ನನ್ನೊಡನೆ ಕನ್ನಡ ಮಾತಾಡುತ್ತಿದ್ದದ್ದು ವೈದ್ಯರ ಮೊಬೈಲು ಒಂದೇ.

ಭೇಟಿಯ ಸಮಯವಲ್ಲದಾಗ ಹೊರಗೆ ಕಳಿಸಿಬಿಡುತ್ತಿದ್ದರು. ನೋಡಬೇಕೆಂದು ಬಂದಿದ್ದ ಜಾಗಗಳನ್ನೆಲ್ಲ ನಾನು ಒಬ್ಬಳೇ ನೋಡಿದೆ. ಹಡಗು ಕಟ್ಟುವ ಕಮಾನುಗಳೊಳಗೆ ಕೂತೆ. ನೀರು ಬಂದು ಕಲ್ಲಿಗೆ ತಟ್ಟಿದರೆ ಐದೂ ಕಮಾನುಗಳಿಂದ ಐದು ದನಿ ಹೊರಡುತ್ತಿತ್ತು. ಗುಡ್ಡದ ನೆತ್ತಿಯವರೆಗೆ ಹತ್ತಿದೆ. ಅಲ್ಲಿಂದ ನೋಡಿದರೆ ಬಾಳೆ ತೋಟ, ಕೆಂಪು ಹಂಚಿನ ಮನೆಗಳು, ಎರಡೂ ಬದಿಗೆ ಸಮುದ್ರ. ಪಾಠದಲ್ಲಿ ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಬಿಸಿಲು ಒಣ ಬಿಸಿಲು. ಕಿತ್ತಳೆ ಗಿಡಗಳು ಬೀದಿಯಲ್ಲೇ ಇದ್ದವು. ಯಾರಿಗೆ ಹೇಳಲಿ? ಸುತ್ತಲೂ ಜನ ಜೋಡಿ ಜೋಡಿಯಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಯಾರಾದರೂ ಒಂದು ಹೆಜ್ಜೆ ಹಿಂದೆ ಸರಿದರೆ ನಾನು ಮುಖ ತಿರುಗಿಸಿಕೊಳ್ಳುತ್ತಿದ್ದೆ.

ಒಂದು ಸಂಜೆ ಆಸ್ಪತ್ರೆಗೆ ಮರಳುವಾಗ ರಸ್ತೆ ಕೂಡುವಲ್ಲಿ ನಿಂತಿದ್ದೆ. ಎದುರಿಗೆ ಕಂಬದ ಮೇಲೆ ಕೆಂಪು ಫಲಕ. ಬಸ್ಸಿನ ಕಿಟಕಿಯಿಂದ ಎಷ್ಟು ಸಲ ನೋಡಿದ್ದೆನೋ, ಓದಿರಲಿಲ್ಲ. ಬಿಳಿಯ ಮೂರು ಅಕ್ಷರ: ಡಿ, ಯು, ಆರ್. ಬಂದ ಕಾರೊಂದು ಅದರ ಮುಂದೆ ನಿಂತು, ಆಚೀಚೆ ನೋಡಿ ಹೋಯಿತು. ಮತ್ತೊಂದು ಬಂತು, ಅದೂ ನಿಂತು ಹೋಯಿತು.

ದುರ್ ಎಂದರೆ ನಿಲ್ಲು.

ನಾನು ಆ ರಸ್ತೆ ದಾಟಲು ಬಹಳ ಹೊತ್ತು ಬೇಕಾಯಿತು.

ಮಾರನೆಯ ದಿನ ಆ ಮನುಷ್ಯ ಆಸ್ಪತ್ರೆಗೆ ಬಂದ. ಕೈಯಲ್ಲಿ ಚಿಕ್ಕ ಬಾಳೆಹಣ್ಣಿನ ಗೊನೆಯ ಒಂದು ಚಿಪ್ಪು. ಟೊಪ್ಪಿಗೆ ತೆಗೆದು, ಮಲಗಿದ್ದ ವೈನಿಯ ಕಡೆ ನೋಡಿ ಅಲ್ಲಿಯ ಮಾತಿನಲ್ಲಿ ಏನೋ ಅಂದ. ಕಾಯಿಲೆಯವರನ್ನು ಕಾಣಲು ಬಂದವರೆಲ್ಲ ಅದನ್ನೇ ಅನ್ನುವುದನ್ನು ಕೇಳಿದ್ದೆ. ವೈದ್ಯರ ಮೊಬೈಲು ಅದನ್ನು ಕನ್ನಡ ಮಾಡಿ “ಅದು ಹಾದುಹೋಗಲಿ” ಎಂದಿತ್ತು.

ಆಮೇಲೆ ಕುರ್ಚಿಯ ತುದಿಯಲ್ಲಿ ಕೂತು ನನ್ನನ್ನು ಕೇಳಿದ. ಮಾತಿನಲ್ಲಿ ಅಲ್ಲ, ಕೈಯಲ್ಲಿ. ಅಂಗೈಯನ್ನು ನನ್ನೆದುರು ಗೋಡೆಯಂತೆ ಹಿಡಿದು ಮೆಲ್ಲಗೆ “ದುರ್” ಎಂದ. ಮಂಚದ ಅಂಚಿನ ಮೇಲೆ ಎರಡು ಬೆರಳುಗಳನ್ನು ಹಿಂದಕ್ಕೆ ನಡೆಸಿದ. ಕೈ ಚೆಲ್ಲಿ ನನ್ನ ಮುಖ ನೋಡಿದ. ನಾನು ನಿಲ್ಲು ಅಂದೆ, ಆಕೆ ಯಾಕೆ ಹಿಂದೆ ಹೋದಳು?

ಅವನ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಅವನೂ ನಿದ್ದೆ ಮಾಡಿರಲಿಲ್ಲ. ನನ್ನ ಮೊಬೈಲು ತೆಗೆದು, ನಿಮ್ಮ ಮಾತು ನಮ್ಮ ಭಾಷೆಯಲ್ಲಿ ದೂರ ಹೋಗು ಎಂದಾಗುತ್ತದೆ ಎಂದು ಬರೆದೆ. ಇನ್ನೊಂದು ಗುಂಡಿ ಒತ್ತಿದರೆ ಅದು ಅವನಿಗೆ ತಿಳಿಯುತ್ತಿತ್ತು. ತಿಳಿದರೆ ಅವನು ಇನ್ನೆಂದಾದರೂ ಆ ಗೋಡೆಯ ಮೇಲೆ ಕೂತು ಗಾಳ ಹಾಕುವನೇ? ಬರೆದದ್ದನ್ನು ಅಳಿಸಿದೆ. ಗೊತ್ತಿಲ್ಲ ಎಂದು ತಲೆಯಲ್ಲಾಡಿಸಿದೆ. ಅವನು ಬಾಳೆಹಣ್ಣು ಇಟ್ಟು ಹೊರಟುಹೋದ.

ಊರಿಗೆ ಬಂದ ಮೇಲೆ ಮಾತಾಡಿಸಲು ಬರುವವರಿಗೆ ಕೊನೆಯಿರಲಿಲ್ಲ. ಅವನು ದುರ್ ಎಂದು ಕೂಗಿದ್ದು, ನಾವು ದೂರ ಎಂದು ತಿಳಿದದ್ದು, ಅದರ ನಿಜವಾದ ಅರ್ಥ, ಬರೀ ಅಷ್ಟನ್ನೇ ನಾನು ವೈನಿಗೆ ಹೇಳಿದ್ದೆ. ಅವರು ಅದಕ್ಕೆ ಕೈಕಾಲು ಕೂಡಿಸಿ ಕತೆ ಮಾಡಿದರು. ಮಂಚದ ಮೇಲೆ ಕಾಲು ಚಾಚಿ, ತುರ್ಕಿಯವನ ಹಾಗೆ ದನಿ ದಪ್ಪ ಮಾಡಿ, “ದುರ್ ಅಂದ, ದೂರ ಹೋದೆ. ಇನ್ನೊಂದ್ ಸಲ ಅಂದ, ಇನ್ನೂ ದೂರ ಹೋದೆ. ಹಿರೇರ ಮಾತು ಮೀರಬಾರದಲ್ರಿ!” ಎನ್ನುತ್ತಿದ್ದರು. ಪಡಸಾಲೆ ತುಂಬ ನಗು. ಬಾಜೂಕಿನ ಮನೆಯ ಮುದುಕಿ, “ನಿನ್ನ ಜಂಬಕ್ಕ ಎಲುಬು ಮುರೀತು ನೋಡು” ಎಂದು ಬೊಚ್ಚುಬಾಯಿ ತೆರೆದು ನಗುತ್ತಿದ್ದಳು. ನಾನು ಚಹಾ ಮಾಡುವ ನೆಪದಲ್ಲಿ ಅಡಿಗೆಮನೆಗೆ ಹೋಗಿ ನಿಂತಿರುತ್ತಿದ್ದೆ.

ಬಿದ್ದವರಿಗೆ ಬಿದ್ದದ್ದು ನೆನಪಿರಲಿಲ್ಲ. ನೋಡಿದ ಇನ್ನೊಬ್ಬ ಸಮುದ್ರದಾಚೆ ಇದ್ದ, ಅವನ ಭಾಷೆ ನನಗೆ ಬಾರದು. ಉಳಿದವಳು ನಾನು. ಕಣ್ಣು ಮುಚ್ಚಿದರೆ ಹಾಸಿಗೆ ಒಂದು ಬದಿಗೆ ವಾಲುತ್ತಿತ್ತು. ವೈನಿಯ ಮಂಚದ ಪಕ್ಕ ಚಾಪೆ ಹಾಸಿಕೊಂಡು, ಅವರ ಸೆರಗನ್ನು ಕೈಗೆ ಸುತ್ತಿಕೊಂಡು ಮಲಗುತ್ತಿದ್ದೆ. ಅವರು ಮಗ್ಗುಲಾದರೆ ಎದ್ದು ಕೂರುತ್ತಿದ್ದೆ. ಕಾಲೇಜಿನಲ್ಲಿ ಆ ಪಾಠ ಬಂದ ದಿನ ನಕಾಶೆ ತೂಗುಹಾಕಿ, ಬೆರಳು ಆ ಕರಾವಳಿಯ ಮೇಲೆ ಬಂದದ್ದೇ ತಡ ಮಾತು ನಿಂತಿತು. ಓದಿಕೊಳ್ಳಿ ಎಂದು ಹೇಳಿ ಹೊರಗೆ ಬಂದೆ.

ವೈನಿ ಕೋಲು ಹಿಡಿದು ನಡೆಯತೊಡಗಿದ ಮೇಲೆ ನನ್ನ ಕಾವಲು ಇನ್ನೂ ಹೆಚ್ಚಾಯಿತು. ಹಿತ್ತಿಲಿಗೆ ಹೋದರೂ ಹಿಂದೆ ಹೋಗುತ್ತಿದ್ದೆ. ಒಂದೆರಡು ಸಲ ಬೈದರು. “ನನ್ನೇನ್ ದನಾ ಮಾಡೀಯೇನು, ಹಗ್ಗಾ ಹಿಡದು ತಿರಗಾಕ?”

ಮೆಣಸಿನಕಾಯಿ ಒಣಗಿಸುವ ಕಾಲ ಬಂತು. ಒಂದು ಮಧ್ಯಾಹ್ನ ಕಾಲೇಜಿನಿಂದ ಬೇಗ ಬಂದೆ. ಬಾಗಿಲು ತೆರೆದಿತ್ತು, ಮನೆಯಲ್ಲಿ ಯಾರೂ ಇಲ್ಲ. ಅಂಗಳಕ್ಕೆ ಬಂದು ಮೇಲೆ ನೋಡಿದರೆ ವೈನಿ ಮಾಳಿಗೆಯ ಮೇಲೆ ನನ್ನ ಕಡೆ ಬೆನ್ನು ಮಾಡಿ ನಿಂತಿದ್ದಾರೆ. ಬಗ್ಗಿ ಬಗ್ಗಿ ಕೆಂಪು ಮೆಣಸಿನಕಾಯಿ ಹರವುತ್ತ, ಹರವುತ್ತ ಅಂಚಿನ ಕಡೆಗೆ ಹಿಂದಕ್ಕೆ ಬರುತ್ತಿದ್ದಾರೆ.

ಕೂಗಲು ಬಾಯಿ ತೆರೆದೆ. ಏನೆಂದು ಕೂಗಲಿ? ನಿಲ್ಲಿ ಅನ್ನಲೇ, ಹೆಸರು ಹಿಡಿಯಲೇ, ಸರೀರಿ ಅನ್ನಲೇ? ಯಾವ ಮಾತು ಕಿವಿಗೆ ಹೋಗಿ ಏನಾಗಿ ಬಿಡುತ್ತದೋ. ಬಾಯಿ ತೆರೆದವಳು ಹಾಗೇ ನಿಂತೆ.

ವೈನಿ ಅಂಚಿಗೆ ಒಂದು ಮೊಳ ಇರುವಾಗ ತಾವಾಗಿಯೇ ತಿರುಗಿದರು. ಕೋಲನ್ನು ಅಂಚಿನುದ್ದಕ್ಕೂ ಅಡ್ಡ ಮಲಗಿಸಿದ್ದರು, ಕಾಲಿಗೆ ತಾಕಿದರೆ ಗೊತ್ತಾಗಲೆಂದು. ನನ್ನನ್ನು ಕಂಡು, “ಹಿಂಗ್ಯಾಕ ಬಾಯಿ ತಕ್ಕೊಂಡು ನಿಂತಿ? ಮ್ಯಾಲೆ ಬಾ. ಅರ್ಧಾ ಕೆಲಸ ಉಳದೈತಿ” ಎಂದರು.

ಮೆಟ್ಟಿಲು ಹತ್ತಿ ಹೋಗಿ ಅವರ ಪಕ್ಕ ಕುಸಿದು ಕೂತೆ. ಅಳು ಬಂತು. ತಡೆಯಲಿಲ್ಲ. ವೈನಿ ತೊಟ್ಟು ಮುರಿಯುತ್ತ ಕೂತರು. ಆಮೇಲೆ ಅಂದರು, “ಬಿದ್ದಾಕಿ ನಾನು, ಹಾಸಿಗಿ ಹಿಡದಾಕಿ ನೀನು. ಹೇಳು, ಅವತ್ತ ಏನಾತು? ಊರಿಗೆಲ್ಲಾ ನಾ ಕತಿ ಹೇಳ್ತೇನಿ. ನೋಡಿದಾಕಿ ನೀನು, ನನಗೊಮ್ಮೆನೂ ಪೂರಾ ಹೇಳಿಲ್ಲ.”

ಹೇಳಿದೆ. ಗಾಳ ಹಾಕಿದವನ ಟೊಪ್ಪಿಗೆ, ಮೊದಲನೇ ಕೂಗು, ಅವರ ನಗು, ಪರದೆ, ಮೇಲೆದ್ದ ಕೈಗಳು. ಅಲ್ಲಿಗೆ ಬಂದು ದಿನಾ ನಿಲ್ಲುವ ಹಾಗೆ ನಿಂತೆ.

“ಮುಂದ?” ಎಂದರು.

“ಮುಂದ ನೀವು ಕೆಳಗ ಬಿದ್ರಿ.”

“ಅದು ಗೊತ್ತೈತಿ. ಹೆಂಗ ಬಿದ್ದಿದ್ದೆ?” ದನಿ ತಗ್ಗಿಸಿದರು. “ಸೀರಿ ಮ್ಯಾಲೇರಿತ್ತೇನು? ಗಂಡಸರೆಲ್ಲಾ ಇದ್ದರೇನು?”

ನಾನು ನೆನೆಯಬೇಕಾಯಿತು. ಅಂಚಿಗೆ ಬಂದು ಬಗ್ಗಿ ನೋಡಿದ್ದು, ಗಿಡಗಳ ನಡುವೆ ಹಸಿರು ಕಂಡದ್ದು, ಕಲ್ಲು ಹಿಡಿದು ಇಳಿದದ್ದು. ನನಗಿಂತ ಮೊದಲು ಆ ಮನುಷ್ಯ ಇಳಿದಿದ್ದ. ಸೀರೆ ಮೊಣಕಾಲಿನ ಮೇಲೆ ಸರಿದಿತ್ತು. ಅವನು ವೈನಿಯನ್ನು ಮುಟ್ಟುವ ಮೊದಲು ಮುಖ ಆಚೆ ತಿರುಗಿಸಿ, ತನ್ನ ಕೋಟು ಬಿಚ್ಚಿ ಅವರ ಕಾಲ ಮೇಲೆ ಹೊದಿಸಿದ. ಆಮೇಲೆಯೇ ನೆಲದ ಮೇಲೆ ಕೂತು ಅವರ ತಲೆಯನ್ನು ಎರಡೂ ಅಂಗೈಯಲ್ಲಿ ಅಲುಗದಂತೆ ಹಿಡಿದ. ಗಾಡಿ ಬರುವವರೆಗೂ ಹಿಡಿದೇ ಇದ್ದ. ಇಷ್ಟು ತಿಂಗಳಲ್ಲಿ ಒಮ್ಮೆಯೂ ಇದು ನನಗೆ ಕಾಣಿಸಿರಲಿಲ್ಲ. ಹೇಳುತ್ತ ಹೇಳುತ್ತ ಕಂಡಿತು.

ಹಾಗೆಂದು ಹೇಳಿದೆ. ವೈನಿ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟರು. “ಕೋಟು ಹೊಚ್ಚಿದನ?” ಎಂದರು. ಮತ್ತೆ, “ಪಾಪ. ಛಂದಾಗಿರಲಿ” ಎಂದರು. ಅಂದಿನಿಂದ ಆ ಕತೆಯನ್ನು ಅವರು ಯಾರನ್ನೂ ನಗಿಸಲು ಹೇಳಿದ್ದನ್ನು ನಾನು ಕೇಳಿಲ್ಲ.

ಉಳಿದ ಮೆಣಸಿನಕಾಯಿ ಹರವಿ ಇಳಿದೆವು. ಊಟವಾದ ಮೇಲೆ ವೈನಿ ನನ್ನ ಚಾಪೆಯನ್ನು ಸುರುಳಿ ಸುತ್ತಿ ಪಡಸಾಲೆಗೆ ತಂದಿಟ್ಟು, “ಇಲ್ಲೆ ಬಿದ್ಕೋ. ನಿನ್ನ ಗೊರಕಿ ನನಗ ಸಾಕಾಗೈತಿ” ಎಂದು ಬಾಗಿಲು ಮುಂದೆ ಮಾಡಿಕೊಂಡರು. ಗುರುವಾರದ ರಾತ್ರಿ ಅದು. ಕಣ್ಣು ಮುಚ್ಚಿದಾಗ ಗೋಡೆ ಬಂತು, ಕೂಗು ಬಂತು, ಕೈಗಳು ಎದ್ದವು. ಆಮೇಲೆ ಗಿಡಗಳ ನಡುವೆ ಕೂತಿದ್ದ ಆ ಮನುಷ್ಯ, ಅವನ ಅಂಗೈಗಳು. ಅದರ ಮುಂದೆ ನನಗೆ ಏನೂ ಗೊತ್ತಿಲ್ಲ.

ಎಚ್ಚರವಾದಾಗ ಬಿಸಿಲು ಹೊಸ್ತಿಲು ದಾಟಿ ಪಾದದ ಮೇಲೆ ಬಿದ್ದಿತ್ತು. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ. ಕುಂದಗೋಳದ ಬಸ್ಸು ಹೋಗಿ ಎಷ್ಟು ಹೊತ್ತಾಗಿತ್ತೋ, ವೈನಿ ಎಬ್ಬಿಸಿರಲಿಲ್ಲ.